ಎಂಟನೇ ಎಡ್ವರ್ಡನ ಉಡದಾರ

ಜುಲೈ ೯, ಬುಧವಾರ

ನನ್ನ ಕೋಣೆ ಹೋಯಿತು.

ಮಗಳು ಶಿವರಂಜನಿ ಏಳು ದಿನದ ಹೆಣ್ಣುಕೂಸನ್ನು ಎತ್ತಿಕೊಂಡು ಇವತ್ತು ಮಧ್ಯಾಹ್ನ ಕಲಬುರಗಿಯ ಆಸ್ಪತ್ರೆಯಿಂದ ಚಿತ್ತಾಪುರಕ್ಕೆ ಬಂದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಸರಿ. ಬಾಣಂತಿಗೆ ಗಾಳಿ ಆಡದ ಕೋಣೆ ಬೇಕು, ಅದೂ ಸರಿ. ಆದರೆ ಈ ಮನೆಯಲ್ಲಿ ಗಾಳಿ ಆಡದ ಕೋಣೆ ಇರುವುದು ಒಂದೇ. ಅದನ್ನು ಹಾಗೆ ಮಾಡಿಟ್ಟವನು ನಾನು. ತಾಮ್ರದ ನಾಣ್ಯಗಳಿಗೆ ತೇವ ತಗುಲಬಾರದೆಂದು ಎಂಟು ವರ್ಷದ ಹಿಂದೆ ಕಿಟಕಿಯ ಸಂದಿಗೆಲ್ಲ ಪುಟ್ಟಿ ತುಂಬಿಸಿದ್ದೆ. ಹೆಂಡತಿ ದಾನಮ್ಮ ಅವತ್ತು ನನ್ನನ್ನು ಹುಚ್ಚ ಅಂದಿದ್ದಳು. ಇವತ್ತು ಅದೇ ಕಿಟಕಿ ತೋರಿಸಿ, "ಎಷ್ಟು ಛಂದ ಬಂದೋಬಸ್ತ್ ಮಾಡೀರಿ ನೋಡ್ರಿ, ಬಾಣಂತಿಗೇ ಹೇಳಿ ಮಾಡ್ಸಿದಂಗ ಅದ" ಎಂದಳು.

ನನ್ನ ಮಂಚ ಪಡಸಾಲೆಗೆ ಬಂತು. ಅಲಮಾರಿ ಮಾತ್ರ ಒಳಗೇ ಉಳಿಯಿತು, ನಾಲ್ಕು ಜನ ಎತ್ತಿದರೂ ಅಲುಗಲಿಲ್ಲ. ಅದರಲ್ಲಿ ನೂರಾ ಹನ್ನೆರಡು ದೇಶಗಳಿವೆ. ಇನ್ನು ಮೇಲೆ ನಾನು ಬಾಗಿಲ ಹೊರಗೆ ನಿಂತು ಕೆಮ್ಮಿ, ಒಳಗಿನಿಂದ "ಬಾ" ಅಂದಮೇಲೆ ಹೋಗಬೇಕಂತೆ. ಸಂಜೆ ಎರಡು ಸಲ ಕೆಮ್ಮಿದೆ. ಮೊದಲ ಸಲ ಕೂಸು ಹಾಲು ಕುಡಿಯುತ್ತಿತ್ತು. ಎರಡನೇ ಸಲ ದಾನಮ್ಮ ನನಗೆ ಶುಂಠಿ ಕಷಾಯ ಕುಡಿಸಿದಳು.

ಜುಲೈ ೧೯, ಶನಿವಾರ

ಲೋಬಾನದ ಹೊಗೆ, ದಿನಕ್ಕೆ ಎರಡು ಸಲ. ಬೆಳ್ಳಿಗೆ ಹೊಗೆ ಆಗಿಬರುವುದಿಲ್ಲ ಎಂದು ವಿವರಿಸಿದೆ. ದಾನಮ್ಮ ಪೂರ್ತಿ ಕೇಳಿಕೊಂಡು ಇನ್ನಷ್ಟು ಕೆಂಡ ಹಾಕಿದಳು. ಯುರೋಪ್ ಖಂಡದ ಖಾನೆಯಲ್ಲಿ ಅಂಟಿನ ಉಂಡಿಯ ಡಬ್ಬಿ ಕೂತಿದೆ. ದಕ್ಷಿಣ ಅಮೆರಿಕದ ಮೇಲೆ ಲಂಗೋಟಿಗಳು.

ಕೂಸಿಗೆ ಕರುಣಾ ಎಂದು ಹೆಸರಿಟ್ಟಿದ್ದಾರೆ. ನನ್ನ ಮೇಲಂತೂ ಇನ್ನೂ ತೋರಿಸಿಲ್ಲ.

ಜುಲೈ ೨೭, ಭಾನುವಾರ

ಕಾಗಿಣಾ ನಾಣ್ಯ ಬಳಗದ ತಿಂಗಳ ಸಭೆ, ಚಿಂಚೋಳಿಯಲ್ಲಿ. ನಾವು ಇರುವುದೇ ನಾಲ್ವರು. ಬಳಗ ಕಟ್ಟಿದವನು ನಾನು. ಇವತ್ತು ಮನೆ ಕೊಟ್ಟವರು ದನದ ಡಾಕ್ಟರ್ ಜಗದೇವಪ್ಪ. ಪ್ರಾಣಿಯ ಚಿತ್ರ ಇಲ್ಲದ ನಾಣ್ಯವನ್ನು ಅವರು ಮುಟ್ಟುವುದಿಲ್ಲ. ಸೇಡಂನಿಂದ ಬ್ಯಾಂಕಿನ ಸರ್ವರಬೇಗಂ. ಅವರ ಮೂವರು ತಮ್ಮಂದಿರು ಅರಬ್ ದೇಶಗಳಲ್ಲಿರುವುದರಿಂದ ಅವರ ಚೀಲ ಬರಿದಾದದ್ದೇ ಇಲ್ಲ. ಶಹಾಬಾದಿನಿಂದ ನಿವೃತ್ತ ಗಣಿತದ ಮಾಸ್ತರ ಅಶೋಕಕುಮಾರ ಸರ್. ರಿಜಿಸ್ಟರ್ ಅವರದು, ಭೂತಗನ್ನಡಿ ಅವರದು, ನಿಯಮಗಳೂ ಅವರವೇ. ವಾಡಿಯವರೊಬ್ಬರು ವರ್ಗವಾಗಿ ಹೋದಮೇಲೆ ರಿಜಿಸ್ಟರಿನ ಐದನೇ ಸಾಲು ಖಾಲಿ ಇದೆ.

ನಿಯಮ ಹೀಗಿದೆ. ಪ್ರತಿಯೊಬ್ಬರೂ ಪ್ರತಿ ಸಭೆಗೆ ಬಳಗಕ್ಕೆ ಹಿಂದೆ ತೋರಿಸದ ಒಂದು ನಾಣ್ಯ ತರಬೇಕು. ಫೋಟೋ ನಡೆಯುವುದಿಲ್ಲ. ನಾಣ್ಯ ಮೇಜಿನ ಮೇಲೆ ಬರಬೇಕು, ಅದರ ಒಡೆಯ ತನ್ನ ಕೈಯಿಂದಲೇ ಎತ್ತಿ ತೋರಿಸಬೇಕು. ಸತತ ಮೂರು ಸಭೆ ಬರಿಗೈಯಲ್ಲಿ ಬಂದವರ ಹೆಸರು 'ಸದಸ್ಯರು' ಪುಟದಿಂದ 'ಪ್ರೇಕ್ಷಕರು' ಪುಟಕ್ಕೆ ಹೋಗುತ್ತದೆ. ಪ್ರೇಕ್ಷಕರು ನೋಡಬಹುದು, ಮಾತಾಡುವಂತಿಲ್ಲ. ಈ ಕೊನೆಯ ನಿಯಮಕ್ಕೆ ಮೊದಲ ಸಹಿ ನನ್ನದೇ. ಆಗ ವಾಡಿಯವರು ಬರೀ ಚಹಾ ಕುಡಿದು ಹೋಗುತ್ತಿದ್ದರು, ಅವರನ್ನು ಹಿಡಿಯಲೆಂದು ಮಾಡಿದ್ದು.

ನಾನು ಹೊರಡುವ ಹೊತ್ತಿಗೆ ಸರಿಯಾಗಿ ಬಾಣಂತಿಯ ಸ್ನಾನ. ಎಷ್ಟು ಕೆಮ್ಮಿದರೂ ಅಲಮಾರಿ ಸಿಗಲಿಲ್ಲ. ಬರಿಗೈಯಲ್ಲಿ ಹೋದೆ. ಅಶೋಕಕುಮಾರ ಸರ್ ನನ್ನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಬರೆದರು. ಗಣಿತದವರು, ಸೊನ್ನೆ ದುಂಡಗೆ ಬಂದಿತ್ತು.

ಆಗಸ್ಟ್ ೩೧, ಭಾನುವಾರ

ಎರಡನೇ ಸೊನ್ನೆ.

ಈ ಸಲ ಅಲ್ಬೇನಿಯಾದ ನಾಣ್ಯದ ಪೊಟ್ಟಣ ಮರೆಯದೆ ಒಯ್ದಿದ್ದೆ. ಎಲ್ಲರ ಮುಂದೆ ಬಿಚ್ಚಿದರೆ ಮೇಜಿನ ಮೇಲೆ ಜಾಯಿಕಾಯಿ ಉರುಳಿತು. ಸರ್ವರಬೇಗಂ ಅವರೊಬ್ಬರೇ ನಗಲಿಲ್ಲ. ಮನೆಗೆ ಬಂದು ಕೇಳಿದೆ. "ಹಂಗಾದ್ರ ಮೊನ್ನಿ ಕೂಸಿಗೆ ತೇಯ್ದಿದ್ದು ಏನು?" ಎಂದು ದಾನಮ್ಮ ಚಿಂತೆಗೆ ಬಿದ್ದಳು. ಅಲ್ಬೇನಿಯಾ ಇನ್ನೂ ಸಿಕ್ಕಿಲ್ಲ.

ಹೊಸದು ಹುಡುಕೋಣವೆಂದರೆ ಸಮಯ ಎಲ್ಲಿದೆ? ಎರಡು ತಿಂಗಳಿಂದ ನಾನು ಹುಡುಕುತ್ತಿರುವುದು ಗ್ರೈಪ್ ವಾಟರ್, ಬಾಣಂತಿಯ ಪಾಯಸಕ್ಕೆ ಅಳವಿ ಬೀಜ ಮತ್ತು ಹಳೇ ಬೆಲ್ಲ. ಬಳಗ ಕಟ್ಟಿದವನು ನಾನು. ಮುಂದಿನ ತಿಂಗಳು ಏನಾದರೂ ತರದಿದ್ದರೆ ಬಾಯಿ ಮುಚ್ಚಿಕೊಂಡು ಕೂಡಬೇಕು.

ಸೆಪ್ಟೆಂಬರ್ ೯, ಮಂಗಳವಾರ

ಸಿಕ್ಕಿತು!

ಪಿಂಚಣಿಯ ಕಾಗದದ ಕೆಲಸಕ್ಕೆ ವಾಡಿಗೆ ಹೋಗಿದ್ದೆ. ಮೂವತ್ತೊಂದು ವರ್ಷ ಅಲ್ಲಿನ ಪಾರ್ಸಲ್ ಆಫೀಸಿನಲ್ಲಿ ಇದ್ದವನು, ಸ್ಟೇಷನ್ ಹಿಂದಿನ ಮಜೀದಸಾಬರ ಗುಜರಿ ಅಂಗಡಿಗೆ ಹೋಗದೆ ಬರಲಾರೆ. ಒಂದು ತುಕ್ಕು ಹಿಡಿದ ಡಬ್ಬಿಯಲ್ಲಿ ಕೈ ಆಡಿಸುತ್ತಿದ್ದೆ.

"ಪಾರ್ಸಲ್ ಸಾಬ್, ಅದ್ರಾಗ ಏನ್ ಹುಡುಕ್ಲಿಕತ್ತೀರಿ? ಖಾಲಿ ವಾಶರ್ ಅವ ಅವು."

ವಾಶರ್ ಅಲ್ಲ! ನಡುವೆ ತೂತು, ತೂತಿನ ಎರಡೂ ಕಡೆ ಆನೆಯ ದಂತ. ಪೂರ್ವ ಆಫ್ರಿಕಾ, ಐದು ಸೆಂಟ್, ೧೯೩೬. ತಿರುಗಿಸಿದರೆ ಎಂಟನೇ ಎಡ್ವರ್ಡನ ಹೆಸರು! ಒಬ್ಬ ಹೆಂಗಸಿಗಾಗಿ ಒಂದು ವರ್ಷ ತುಂಬುವ ಮೊದಲೇ ಪಟ್ಟ ಬಿಟ್ಟು ಎದ್ದುಹೋದ ರಾಜ. ಅವನ ಮುಖದ ನಾಣ್ಯ ಅವನ ದೇಶದಲ್ಲೇ ಚಲಾವಣೆಗೆ ಬರಲಿಲ್ಲ. ಹೆಸರು ಓಡಾಡಿದ್ದು ದೂರದ ಇಂಥ ತೂತಿನ ನಾಣ್ಯಗಳ ಮೇಲೆ. ಎಂಬತ್ತೊಂಬತ್ತು ವರ್ಷದ ಕಂದು ಬಣ್ಣ ಹಾಗೇ ಕೂತಿದೆ, ಅದೇ ಅದರ ಸೊಗಸು. ಮಜೀದಸಾಬರ ಅಜ್ಜನ ತಮ್ಮ ಆಫ್ರಿಕಾದ ರೈಲು ಹಾಕಲು ಹೋಗಿದ್ದನಂತೆ. "ನಿಮಗ್ಯಾಕ ರೊಕ್ಕ ಕೇಳ್ಲಿ, ಒಂದು ಚಹಾ ಕುಡಸ್ರಿ" ಎಂದರು. ಎರಡು ಕುಡಿಸಿದೆ.

ಬಳಗದ ವಾಟ್ಸಾಪಿಗೆ ಬರೆದೆ: "ಇಪ್ಪತ್ತೆಂಟರ ಸಭೆಗೆ ಎಂಟನೇ ಎಡ್ವರ್ಡ್ ಮಹಾರಾಜರು ದಯಮಾಡಿಸಲಿದ್ದಾರೆ." ಅಶೋಕಕುಮಾರ ಸರ್ ಉತ್ತರ: "ದಾಖಲಿಸಿಕೊಂಡಿದ್ದೇನೆ. ಘೋಷಿಸಿದ ಮೇಲೆ ಅದೇ ಬರಬೇಕು. ಜಾಯಿಕಾಯಿ ನಡೆಯುವುದಿಲ್ಲ."

ಸೆಪ್ಟೆಂಬರ್ ೧೨, ಶುಕ್ರವಾರ

ಕೂಸು ಐದು ದಿನದಿಂದ ಸಂಜೆ ಆಯಿತೆಂದರೆ ಚೀರುತ್ತದೆ. ಡಾಕ್ಟರ್ ಏನೂ ಇಲ್ಲ ಅಂದರು. ಓಣಿಯ ಪೀರಮ್ಮ ಎಂಬ ಮುದುಕಿ ಬಂದು ದೃಷ್ಟಿ ತೆಗೆದಳು. ಆಕೆ ಹೋದಮೇಲೆ ಕೂಸು ಇನ್ನೂ ಜೋರಾಗಿ ಚೀರಿತು.

ಇವತ್ತು ಇಬ್ಬರೂ ಹೆಂಗಸರು ಸೋತು ಕೂತಿದ್ದರಿಂದ ಅದನ್ನು ನನ್ನ ಹೆಗಲಿಗೆ ಹಾಕಿದರು. ನನಗೆ ಜೋಗುಳ ಬರುವುದಿಲ್ಲ. ಅಂಗಳದಲ್ಲಿ ಅಡ್ಡಾಡುತ್ತ ಬಾಯಿಗೆ ಬಂದ ದೇಶ, ಅದರ ನಾಣ್ಯದ ಹೆಸರು ಹೇಳಿದೆ: ಅಲ್ಬೇನಿಯಾ ಲೆಕ್, ಬಲ್ಗೇರಿಯಾ ಲೆವ್, ಹಂಗೇರಿ ಫೋರಿಂಟ್, ಮಂಗೋಲಿಯಾ ತೊಗ್ರೊಗ್. ತೊಗ್ರೊಗ್ ಅಂದಕೂಡಲೇ ಅಳು ನಿಂತಿತು. ಕಾಕತಾಳೀಯ ಇರಬೇಕು ಎಂದು ಜಾಂಬಿಯಾಕ್ಕೆ ಹೋದೆ. ಮತ್ತೆ ಚೀರಿತು. ವಾಪಸ್ ಮಂಗೋಲಿಯಾಕ್ಕೆ ಬಂದೆ. ಅರ್ಧ ಗಂಟೆ ಅಲ್ಲೇ ಇರಬೇಕಾಯಿತು. ಕಾಲು ನೋಯುತ್ತಿವೆ.

ಸೆಪ್ಟೆಂಬರ್ ೧೬, ಮಂಗಳವಾರ

ಸರ್ವನಾಶ.

ಬೆಳಿಗ್ಗೆ ಕೆಮ್ಮಿ ಒಳಗೆ ಹೋದೆ. ಅಲಮಾರಿಯ ಮೇಲಿನ ಖಾನೆಯಲ್ಲಿ ಎಂಟನೇ ಎಡ್ವರ್ಡನ ಪೊಟ್ಟಣ ಇತ್ತು, ಎಡ್ವರ್ಡ್ ಇರಲಿಲ್ಲ. ದಾನಮ್ಮನನ್ನು ಕೇಳಿದೆ.

"ಅದೇನ್ರಿ, ತೂತಿನ ದುಡ್ಡು? ಕೂಸಿನ ಉಡದಾರಕ್ಕ ಕಟ್ಟೀವಿ. ನಡಕ್ಕ ತೂತಿನ ದುಡ್ಡು ಕಟ್ಟಿದ್ರ ದೃಷ್ಟಿ ತಾಗಂಗಿಲ್ಲ ಅಂತ ಪೀರಮ್ಮ ಹೇಳಿದ್ಳು. ಊರೆಲ್ಲ ಹುಡುಕಿದ್ರೂ ಸಿಗ್ಲಿಲ್ಲ. ನಿಮ್ ಬಲ್ಲಿ ಅಷ್ಟು ಅವ, ಒಂದರ ಇರಬೇಕಲ್ಲ ಅಂತ ನೋಡ್ದೆ. ಮ್ಯಾಲೇ ಇತ್ತು."

ಕೂಸಿನ ಅಂಗಿ ಎತ್ತಿ ತೋರಿಸಿದಳು. ನಡುವಿನ ಕರಿದಾರದಲ್ಲಿ ಬ್ರಿಟಿಷ್ ಸಾಮ್ರಾಟ ಜೋತಾಡುತ್ತಿದ್ದ. ಫಳಫಳ ಹೊಳೆಯುತ್ತಿದ್ದ.

"ಹೊಳೀಲಿಕತ್ತದಲ್ಲ?"

"ಹುಣಸಿಹುಳಿ ಹಚ್ಚಿ ಬೂದಿಲೆ ತಿಕ್ಕೀನ್ರಿ. ಎಷ್ಟು ಹೊಲಸಾಗಿತ್ತು ಅಂತೀರಿ!"

ಹುಣಸೆಹುಳಿ! ಎಂಬತ್ತೊಂಬತ್ತು ವರ್ಷ ಕೂತಿದ್ದ ಬಣ್ಣ ಐದು ನಿಮಿಷದಲ್ಲಿ ಬಚ್ಚಲಿಗೆ ಹೋಗಿದೆ. ನಾಣ್ಯ ತೊಳೆದವನನ್ನು ಬಳಗದಲ್ಲಿ ಮನುಷ್ಯ ಎಂದೇ ಗಣಿಸುವುದಿಲ್ಲ. ಹೋಗಲಿ, ಬಣ್ಣ ಹೋದರೂ ಹೆಸರು ಉಳಿದಿದೆ, ಬಿಚ್ಚಿಕೊಡು ಎಂದೆ. ದಾನಮ್ಮ ನಾನು ಕೂಸಿನ ಕಿವಿ ಕೇಳಿದೆನೋ ಎಂಬಂತೆ ನೋಡಿದಳು.

"ಕಟ್ಟಿದ್ದು ಬಿಚ್ಚತಾರೇನ್ರಿ? ನಿನ್ನಿ ಸಂಜಿ ಅತ್ತಿಲ್ಲ ಕೂಸು, ಗೊತ್ತೈತಿಲ್ಲೋ ನಿಮಗ?"

ನಿನ್ನೆ ಸಂಜೆ ಅಳದೆ ಇದ್ದದ್ದು ನಾನು ಒಂದು ತಾಸು ಮಂಗೋಲಿಯಾದಲ್ಲಿ ಇದ್ದುದರಿಂದ. ಆದರೆ ಯಾರಿಗೆ ಹೇಳುವುದು.

ಸೆಪ್ಟೆಂಬರ್ ೧೭, ಬುಧವಾರ

ಸಿಟ್ಟಿನಿಂದ ಬೆಳಿಗ್ಗೆ ಊಟ ಮಾಡಲಿಲ್ಲ. ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಮಾಡಿದೆ.

ಸೆಪ್ಟೆಂಬರ್ ೨೦, ಶನಿವಾರ

ಪೀರಮ್ಮನ ಮನೆಗೇ ಹೋದೆ. ನನ್ನ ಸಂಗ್ರಹದಿಂದ ಬ್ರಿಟಿಷರ ಕಾಲದ ತೂತಿನ ಒಂದು ಪೈಸೆ ಒಯ್ದಿದ್ದೆ. ಇದು ನಮ್ಮ ದೇಶದ್ದು, ನಮ್ಮ ದೃಷ್ಟಿಗೆ ಇದೇ ಸರಿ, ಆಫ್ರಿಕಾದ್ದು ಇಲ್ಲಿಯ ಕಣ್ಣಿಗೆ ಹೇಗೆ ನಡೆಯುತ್ತದೆ ಎಂದು ವಾದ ಮಾಡಿದೆ. ಮುದುಕಿ ಎರಡು ನಿಮಿಷ ಯೋಚಿಸಿದಳು. ನಾನು ಗೆದ್ದೆ ಅಂದುಕೊಂಡೆ.

"ಹೊರಗಿಂದೇ ಭಾಳ ಚಲೋ ತಗೋರಿ. ಇಲ್ಲಿ ಮಂದಿ ಕಣ್ಣಿಗೆ ಅದರ ಗುರ್ತೇ ಹತ್ತಂಗಿಲ್ಲ. ಒಂಬತ್ತು ಗಂಟು ಹಾಕೀನಿ. ಕೂಸು ತನ್ನ ಮನಿಗೆ ಹೋಗೋತನಕ ಬಿಚ್ಚಾಂಗಿಲ್ಲ."

ತೆಂಗಳಿಯ ಬೀಗರ ಮನೆಗೆ ಕೂಸು ಹೋಗುವುದು ನವೆಂಬರಿನಲ್ಲಿ. ಸಭೆ ಇಪ್ಪತ್ತೆಂಟಕ್ಕೆ.

ಸೆಪ್ಟೆಂಬರ್ ೨೩, ಮಂಗಳವಾರ

ಬರೆಯಲು ನಾಚಿಕೆಯಾಗುತ್ತದೆ, ಆದರೆ ಈ ಪುಸ್ತಕ ಓದುವವನು ನಾನೊಬ್ಬನೇ.

ಮಧ್ಯಾಹ್ನ ದಾನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಶಿವರಂಜನಿ ಸ್ನಾನಕ್ಕೆ ಹೋಗಿದ್ದಳು. ನಾನು ಕತ್ತರಿ ತೆಗೆದುಕೊಂಡು ಕೋಣೆಗೆ ಹೋದೆ. ಒಳಗೆ ಕೂಸೊಂದೇ ಇದ್ದರೂ ಅಭ್ಯಾಸಬಲದಿಂದ ಕೆಮ್ಮಿದೆ. ಅದು ಎಚ್ಚರವಿತ್ತು. ಅಂಗಿ ಎತ್ತಿ ದಾರ ಹಿಡಿದೆ. ಅದು ನನ್ನ ಹೆಬ್ಬೆರಳು ಹಿಡಿಯಿತು. ಎಂಥ ಹಿಡಿತ! ಪಾರ್ಸಲ್ ಆಫೀಸಿನಲ್ಲಿ ಹಮಾಲರಿಗೂ ಅಷ್ಟು ಇರಲಿಲ್ಲ. ಬೆರಳು ಬಿಡಿಸಿಕೊಳ್ಳಲು "ತೊಗ್ರೊಗ್" ಎಂದೆ. ಬಾಯಿ ಅಗಲಿಸಿ ನಕ್ಕಿತು, ಒಂದೂ ಹಲ್ಲಿಲ್ಲ. ಅದೇ ಹೊತ್ತಿಗೆ ನನ್ನ ಅಂಗಿಯ ತೋಳು, ಕೈ, ಕತ್ತರಿ ಎಲ್ಲ ಒದ್ದೆಯಾದವು.

ತಿರುಗಿ ನೋಡಿದರೆ ಶಿವರಂಜನಿ ಬಾಗಿಲಲ್ಲಿ ನಿಂತಿದ್ದಾಳೆ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ನಾ ಸಣ್ಣಾಕಿದ್ದಾಗ ಒಂದು ನಾಣ್ಯನೂ ಮುಟ್ಲಿಕ್ಕ ಬಿಡ್ಲಿಲ್ಲ ನೀ. ನಿನ್ನ ಕೋಣಿ ಹೊರಗ ನಿಂತು ಬಾಗಲದ ಸಂದ್ಯಾಗಿಂದ ನೋಡ್ತಿದ್ದೆ, ನೆನಪದ ಏನು?"

"ಒಂದ್ಸಲ ಕೊಟ್ಟಿದ್ದೆ. ನೀ ರಷ್ಯಾದ ಕೊಪೆಕ್ ನುಂಗಿದಿ."

"ಅದಾದ ಮ್ಯಾಲ ನನ್ನ ಕರ್ದೇ ಇಲ್ಲ. ಕೊಪೆಕ್ ಬಂತೇನು ಅಂತ ಎರಡು ದಿನ ಕೇಳ್ದಿ. ನಾ ಹ್ಯಾಂಗಿದ್ದೀನಿ ಅಂತ ಕೇಳ್ಲಿಲ್ಲ."

ನಗುತ್ತಲೇ ಅಂದಳು. ನನಗೆ ಕೆಟ್ಟದೆನಿಸಿತು. ಕೇಳಿರಬೇಕು ನಾನು, ಇಷ್ಟು ವರ್ಷದ ಮಾತು ಅವಳಿಗೆಲ್ಲಿ ಸರಿಯಾಗಿ ನೆನಪಿರುತ್ತದೆ. ಕೇಳಿರಬೇಕು ಎಂದು ಇಡೀ ಸಂಜೆ ನೆನಪಿಸಿಕೊಳ್ಳಲು ನೋಡಿದೆ. ಕೊಪೆಕ್ ಬಂದದ್ದು ಮಾತ್ರ ನೆನಪಿದೆ.

ಸೆಪ್ಟೆಂಬರ್ ೨೫, ಗುರುವಾರ

ಉಪಾಯ ಹೊಳೆಯಿತು. ನಾಣ್ಯ ಸಭೆಗೆ ಹೋಗದಿದ್ದರೆ ಸಭೆಯೇ ನಾಣ್ಯದ ಹತ್ತಿರ ಬರಲಿ. ಬಳಗಕ್ಕೆ ಬರೆದೆ: "ಮಹಾರಾಜರು ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಈ ಸಲ ಶಹಾಬಾದಿನ ಬದಲು ಚಿತ್ತಾಪುರದಲ್ಲಿ ಸೇರೋಣ." ಅಶೋಕಕುಮಾರ ಸರ್ ಎರಡು ತಾಸು ರಿಜಿಸ್ಟರ್ ಓದಿದರೆಂದು ಕಾಣುತ್ತದೆ. ಕೊನೆಗೆ "ಅಡ್ಡಿಯಿಲ್ಲ. ಮೇಜು ಇರಬೇಕು" ಎಂದು ಬಂತು.

ಸೆಪ್ಟೆಂಬರ್ ೨೮, ಭಾನುವಾರ

ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಜಗದೇವಪ್ಪ ಡಾಕ್ಟರ್ ಹತ್ತಕ್ಕೇ ಬಂದರು. ದಂಡೋತಿ ಸೇತುವೆ ಮೇಲೆ ಕಾಗಿಣಾ ಹೊಳೆಯ ನೀರು ಬಂದದ್ದರಿಂದ ಸರ್ವರಬೇಗಂ ಸೇಡಂನಿಂದ ರೈಲು ಹಿಡಿದು ಬಂದರು. ಅಶೋಕಕುಮಾರ ಸರ್ ಭೂತಗನ್ನಡಿಯನ್ನು ಜೇಬಿನಿಂದ ತೆಗೆಯುತ್ತಲೇ ಒಳಗೆ ಬಂದರು.

"ಎಲ್ಲಿ ಮಹಾರಾಜರು?"

"ಹಾಲು ಕುಡೀಲಿಕತ್ಯಾರ" ಎಂದೆ. ಇದಕ್ಕಿಂತ ಬೇರೆ ಹೇಗೆ ಹೇಳುವುದು? ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹುಣಸೆಹುಳಿಯ ಮಾತು ಬಂದಾಗ ಮೂವರೂ ಕಣ್ಣು ಮುಚ್ಚಿದರು.

ಅಶೋಕಕುಮಾರ ಸರ್ ಮೊದಲು ಚೇತರಿಸಿಕೊಂಡರು. "ಸಂಗಣ್ಣಾವ್ರೆ, ನಿಯಮದಾಗ ಮೇಜಿನ ಮ್ಯಾಲ ಅಂತ ಅದ."

ದಾನಮ್ಮ ಮೇಜಿನ ಮೇಲೆ ಕೌದಿ ಹಾಸಿ ಕೂಸನ್ನು ಮಲಗಿಸಿದಳು. ಪೀರಮ್ಮನೂ ತನ್ನ ಗಂಟು ಕಾಯಲು ಬಂದು ಬಾಗಿಲಲ್ಲಿ ಕೂತಳು. ಸರ್ ಭೂತಗನ್ನಡಿ ಹಿಡಿದು ಬಗ್ಗಿದ್ದರು, ಸರ್ವರಬೇಗಂ ಅವರ ತೋಳು ಹಿಡಿದು ನಿಲ್ಲಿಸಿದರು.

"ಸರ್, ಜರಾ ನಿಂದ್ರಿ. ಕೂಸಿನ ಮಾರಿ ಮೊದಲ್ನೇ ಸಲ ನೋಡೋವಾಗ ಬರಿಗೈಲೆ ನೋಡ್ತಾರೇನ್ರಿ?" ಎಂದು ತಮ್ಮ ಚೀಲದಿಂದ ಓಮಾನಿನ ಎರಡು ಬಣ್ಣದ ನೂರು ಬೈಸಾ ತೆಗೆದು ಕೂಸಿನ ಮುಷ್ಟಿಯಲ್ಲಿಟ್ಟರು. ಕೂಸಿರುವ ಮನೆಗೆ ಹೋಗುವುದೆಂದು ಮೊದಲೇ ಒರೆಸಿ ತಂದಿದ್ದರು. ಜಗದೇವಪ್ಪ ಡಾಕ್ಟರ್ ಕೂಸಿನ ದವಡೆ ಸವರಿ, "ತಬ್ಯೇತ್ ಚಲೋ ಅದ, ಕಣ್ಣು ಚುರುಕು ಅವ" ಎಂದು ಕರುವನ್ನು ನೋಡುವಂತೆಯೇ ನೋಡಿ, ಬೋಟ್ಸ್ವಾನಾದ ಜೀಬ್ರಾ ಇರುವ ಪುಲಾ ಕೊಟ್ಟರು.

ಎಲ್ಲರೂ ಅಶೋಕಕುಮಾರ ಸರ್ ಕಡೆ ನೋಡಿದೆವು. ಅವರು ಜೇಬು ತಡಕಿ ಒಂದು ನೋಟು ತೆಗೆದರು.

"ಅಯ್ಯ ಸರ್! ನಾಣ್ಯದ ಬಳಗದವ್ರು ನೋಟ್ ಕೊಡ್ತೀರೇನ್ರಿ ಕೂಸಿಗೆ?" ಎಂದರು ಸರ್ವರಬೇಗಂ.

ಸರ್ ಬಳಿ ಇದ್ದ ನಾಣ್ಯ ಒಂದೇ. ಇವತ್ತಿನ ಸಭೆಗೆಂದು ತಂದ ಮೊನಾಕೊದ ಫ್ರಾಂಕ್. ಎರಡು ವರ್ಷ ಪತ್ರ ಬರೆದು ತರಿಸಿದ್ದು. ಬಾಗಿಲಲ್ಲಿ ಪೀರಮ್ಮ, ಮೇಜಿನ ಮೇಲೆ ಕೂಸು, ಸುತ್ತ ನಾವು. ಪಾಪ, ಫ್ರಾಂಕನ್ನು ಎರಡು ಸಲ ತಿರುಗಿಸಿ ನೋಡಿದರು. ಕೊಟ್ಟರು. ಕೂಸು ಮೊನಾಕೊವನ್ನು ನೇರ ಬಾಯಿಗೆ ಒಯ್ದಿತು. ದಾನಮ್ಮ ತಟ್ಟನೆ ಕಸಿದು ಸೆರಗಿನ ಚುಂಗಿಗೆ ಕಟ್ಟಿಕೊಂಡಳು.

"ತಾಯಿ, ಹುಳಿ ಹಚ್ಚಬ್ಯಾಡ್ರಿ" ಎಂದರು ಸರ್. ಅವರ ದನಿ ಅಷ್ಟು ಮೆತ್ತಗೆ ಬಂದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಆಮೇಲೆ ಪರೀಕ್ಷೆ. ಮೂವರೂ ಸರದಿಯ ಮೇಲೆ ಬಗ್ಗಿ ಕೂಸಿನ ಹೊಟ್ಟೆಯ ಮೇಲೆ ಭೂತಗನ್ನಡಿ ಹಿಡಿದು ಓದಿದರು. ಎಂಟನೇ ಎಡ್ವರ್ಡ್ ಹೌದೆಂದು ಒಪ್ಪಿದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಸರ್ ರಿಜಿಸ್ಟರ್ ಬಿಚ್ಚಿದರು.

"ಇನ್ನೊಂದು ನಿಯಮ ಅದ. ಒಡೆಯ ತನ್ನ ಕೈಲೇ ಎತ್ತಿ ತೋರಿಸ್ಬೇಕು. ಈ ನಾಣ್ಯ ಯಾರ್ದು, ಸಂಗಣ್ಣಾವ್ರೆ? ನಿಮ್ದಾದ್ರ ಬಿಚ್ಚಿ ಎತ್ತಿ ತೋರಿಸ್ರಿ, ಸದಸ್ಯರಾಗಿ ಉಳೀತೀರಿ. ಇಲ್ಲಾಂದ್ರ ಮೂರನೇ ಸೊನ್ನಿ."

ಮೊನಾಕೊ ಕಳೆದುಕೊಂಡ ಸಿಟ್ಟು ಇತ್ತೆಂದು ಕಾಣುತ್ತದೆ. ಆದರೂ ನಿಯಮ ನಿಯಮವೇ.

ಶಿವರಂಜನಿ ಒಳಗೆ ಹೋಗಿ ಕತ್ತರಿ ತಂದಳು. ನನ್ನ ಕೈಯಲ್ಲಿಟ್ಟಳು.

"ತಗೋ ಅಪ್ಪಾ. ಕತ್ತರಿಸು. ಬಳಗ ಕಟ್ಟಿದಾಂವ ನೀ, ಮಂದಿ ಮುಂದ ನಿನ್ನ ಮಾನ ಹೋಗಬಾರ್ದು. ಬ್ಯಾರೆ ಏನರ ಕಟ್ಟಿದ್ರಾತು ಕೂಸಿಗೆ."

ಪೀರಮ್ಮ "ಶಿವನೇ" ಎಂದಳು. ನಾನು ಕತ್ತರಿ ಹಿಡಿದು ಬಗ್ಗಿದೆ. ಕರುಣಾ ನನ್ನನ್ನೇ ನೋಡುತ್ತಿದ್ದಳು, ತೊಗ್ರೊಗ್ ಬರುತ್ತದೆ ಎಂದು ಕಾಯುವಂತೆ. ದಾರದ ಕೆಳಗೆ ನಡುವಿನ ಮೇಲೆ ಸಣ್ಣ ಗುರುತು ಮೂಡಿತ್ತು.

"ಕೂಸಿಂದು" ಎಂದೆ.

"ಏನಂದ್ರಿ?"

"ನಾಣ್ಯ ಕೂಸಿಂದು. ನಂದಲ್ಲ. ಬರ್ಕೋರಿ ಸೊನ್ನಿ."

ಕರುಣಾ ಆಗ ಸರಿಯಾಗಿ ಎಡ್ವರ್ಡನನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಯ ಕಡೆ ಎಳೆಯತೊಡಗಿದಳು. ಜಗದೇವಪ್ಪ ಡಾಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು. "ನೋಡ್ರಿ ಸರ್! ಒಡೆಯಳು ತನ್ನ ಕೈಲೇ ಎತ್ತಿ ತೋರಿಸ್ಲಿಕತ್ಯಾಳ! ನಿಯಮ ಪೂರ್ತಿ ಆಯ್ತೋ ಇಲ್ಲೋ?"

ಸರ್ ತುಂಬ ಹೊತ್ತು ರಿಜಿಸ್ಟರ್ ನೋಡಿದರು. ವಯಸ್ಸಿನ ಬಗ್ಗೆ ಯಾವ ನಿಯಮವೂ ಇರಲಿಲ್ಲ. ಕೊನೆಗೆ ಖಾಲಿ ಇದ್ದ ಐದನೇ ಸಾಲಿನಲ್ಲಿ ನೀಲಿ ಪೆನ್ನಿನಿಂದ ಬರೆದರು: ಕುಮಾರಿ ಕರುಣಾ, ವಯಸ್ಸು ಎರಡು ತಿಂಗಳು ಇಪ್ಪತ್ತಾರು ದಿನ, ಪೂರ್ವ ಆಫ್ರಿಕಾ, ಓಮಾನ್, ಬೋಟ್ಸ್ವಾನಾ, ಮೊನಾಕೊ. ಆಮೇಲೆ ಕೆಂಪು ಪೆನ್ನು ತೆಗೆದು ಮೊದಲ ಸಾಲಿನಲ್ಲಿದ್ದ ನನ್ನ ಹೆಸರಿಗೆ ಗೆರೆ ಎಳೆದರು. ಸ್ಕೇಲ್ ಇಟ್ಟು ಎಳೆದರು.

ಯಾಕೆ ಹಾಗೆ ಅಂದೆನೋ ತಿಳಿಯದು. ಬಾಯಿ ತಪ್ಪಿ ಬಂತು. ಅದೂ ಅಲ್ಲದೆ ತೊಳೆದ ನಾಣ್ಯ, ಅದಕ್ಕೇನು ಬೆಲೆ. ಒಂಬತ್ತು ಗಂಟು ಕತ್ತರಿಸುವುದೂ ಸುಲಭವಿರಲಿಲ್ಲ, ನನ್ನ ಕತ್ತರಿ ಮೊಂಡ. ಊಟಕ್ಕೆ ಕೂತಾಗ ಶಿವರಂಜನಿ ನನ್ನ ತಟ್ಟೆಗೆ ಕೇಳದೆಯೇ ಎರಡು ಹೋಳಿಗೆ ಹಾಕಿದಳು. ಸಕ್ಕರೆ ಕಾಯಿಲೆಯವನಿಗೆ ಎರಡು ಯಾಕೆ ಎಂದು ದಾನಮ್ಮ ಬೈದಳು. ಎರಡೂ ತಿಂದೆ.

ಅಕ್ಟೋಬರ್ ೨೬, ಭಾನುವಾರ

ಸೇಡಂನಲ್ಲಿ ಸಭೆ. ಪ್ರೇಕ್ಷಕನೆಂದು ನನಗೆ ಗೋಡೆಯ ಕಡೆ ಕುರ್ಚಿ ಹಾಕಿದರು. ಮೂರು ತಾಸು ಮಾತಾಡಲಿಲ್ಲ. ಅಶೋಕಕುಮಾರ ಸರ್ ಒಂದು ನಾಣ್ಯವನ್ನು ಲಾವೋಸಿನದು ಅಂದರು, ಅದು ಕಾಂಬೋಡಿಯಾದ್ದು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕಣ್ಣಲ್ಲಿ ನೀರು ಬಂತು, ಖರೆ ಹೇಳುತ್ತೇನೆ.

ಸಭೆ ಮುಗಿದಮೇಲೆ ಎಲ್ಲರೂ ಐದನೇ ಸದಸ್ಯರು ಹೇಗಿದ್ದಾರೆ ಎಂದು ಕೇಳಿದರು. ಮಗ್ಗುಲು ಹೊರಳುತ್ತಾಳೆ ಎಂದೆ. ಎಡಕ್ಕೋ ಬಲಕ್ಕೋ ಎಂದರು ಸರ್. ಎಡಕ್ಕೆ ಸರಾಗ, ಬಲಕ್ಕೆ ಇನ್ನೂ ತೋಳು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ವಿವರಿಸುತ್ತ ರೈಲು ತಪ್ಪಿಸಿಕೊಂಡೆ.

ನವೆಂಬರ್ ೬, ಗುರುವಾರ

ಅಳಿಯ ಬಂದು ಕರೆದುಕೊಂಡು ಹೋದ. ಕೋಣೆ ವಾಪಸ್ ಸಿಕ್ಕಿತು.

ಮಂಚ ಒಳಗೆ ಹಾಕಿಸಿದೆ. ಅಲಮಾರಿ ಒರೆಸಿದೆ. ಒಳಗೆ ಹೋಗುವಾಗ ಕೆಮ್ಮಿದೆ.

ನವೆಂಬರ್ ೨೩, ಭಾನುವಾರ

ಬೆಳಿಗ್ಗೆ ತೆಂಗಳಿಯಿಂದ ಶಿವರಂಜನಿಯ ಫೋನು. ಮೊದಲು ನಾನೇ ಕೇಳಿದೆ, ನೀ ಹ್ಯಾಂಗಿದ್ದಿ, ಸರಿ ಉಣ್ಣಲಿಕತ್ತಿದ್ದೀ ಇಲ್ಲೋ ಎಂದು. ಏನಂದಿ, ಇನ್ನೊಮ್ಮೆ ಅನ್ನು ಎಂದಳು. ಲೈನು ಸರಿಯಿಲ್ಲ ಅಂದುಕೊಂಡೆ.

"ಅಪ್ಪಾ, ಕೂಸು ದಪ್ಪ ಆಗ್ಯಾದ. ಉಡದಾರ ಬಿಗಿ ಆಗಿ ನಡಕ್ಕ ಕೆಂಪಾಗಿತ್ತು. ಅತ್ತಿಯವ್ರು ನಿನ್ನಿ ಕತ್ತರಿಸಿ ತೆಗೆದ್ರು. ತನ್ನ ಮನಿಗೆ ಬಂದ ಮ್ಯಾಲ ಬಿಚ್ಚಬಹುದು ಅಂತ ಪೀರಮ್ಮನೂ ಅಂದಿದ್ಳಲ್ಲ. ನಿನ್ನ ನಾಣ್ಯ ನನ್ನ ಬಲ್ಲಿ ಅದ. ಚಿತ್ತಾಪುರಕ್ಕ ಬರೋರ ಕೈಯಾಗ ಇವತ್ತೇ ಕಳಸ್ಲೇನು? ಮುಂದಿನ ಐತವಾರ ಸಭಾ ಅದಲ್ಲ."

ಅವಳು ಅಶೋಕಕುಮಾರ ಸರ್ ಅವರನ್ನೂ ಕೇಳಿದ್ದಾಳೆ. ಘೋಷಿಸಿದ ಆ ನಾಣ್ಯವನ್ನೇ ನನ್ನದೆಂದು ಮೇಜಿನ ಮೇಲಿಟ್ಟು ಎತ್ತಿ ತೋರಿಸಿದರೆ ಕೆಂಪು ಗೆರೆ ತೆಗೆಯುತ್ತಾರಂತೆ, ನಾನು ಮತ್ತೆ ಮೊದಲ ಸಾಲಿಗೆ ಬರಬಹುದಂತೆ. ನಿಯಮದಲ್ಲಿ ಅವಕಾಶ ಇದೆಯಂತೆ. ಬೇಕೆಂದೇ ಹುಡುಕಿರಬೇಕು ಮನುಷ್ಯ. ಖುಷಿಯಾಯಿತು. ಆ ಕಾಂಬೋಡಿಯಾದ ಮಾತು ಇನ್ನೂ ಹೇಳುವುದಿದೆ.

"ಕಳಿಸಬ್ಯಾಡ, ತಡಿ" ಎಂದು ಫೋನ್ ಇಟ್ಟು ಅಂಗಿ ಹಾಕಿಕೊಂಡು ಪೇಟೆಗೆ ಹೋದೆ. ದಾರ ಮಾರುವ ಹೆಂಗಸಿನ ಹತ್ತಿರ ಉಡದಾರ ಕೇಳಿದೆ.

"ಎಷ್ಟು ತಿಂಗಳಿನ ಕೂಸ್ರಿ?"

"ನಾಲ್ಕು ತಿಂಗಳು ಇಪ್ಪತ್ತೊಂದು ದಿನ. ದಪ್ಪ ಆಗ್ಯಾಳ."

ಆಕೆ ಒಂದು ಅಳೆದು ಕತ್ತರಿಸಲು ಹೋದಳು. ಇನ್ನಷ್ಟು ಬಿಡು ಎಂದೆ. ಇನ್ನೊಂದು ಗೇಣು ಬಿಟ್ಟಳು. ಇನ್ನೂ ಬಿಡು ಎಂದೆ.

"ಇಷ್ಟುದ್ದ ಯಾಕ್ರಿ ಯಜಮಾನ್ರೆ, ಕೂಸಿಗೋ ಎತ್ತಿಗೋ?"

"ಬೆಳೀತಾಳಲ್ಲವ್ವ" ಎಂದೆ.

ದಾನಮ್ಮನಿಗೂ ಹೇಳಿದ್ದೇನೆ, ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ತೆಂಗಳಿಗೆ ಹೊರಡುವುದು. ಎಡ್ವರ್ಡನನ್ನು ಮತ್ತೆ ಕಟ್ಟಿ ಗಂಟು ಒಂಬತ್ತು ಹಾಕಬೇಕಂತೆ. ಪೀರಮ್ಮನಿಂದ ಕಲಿತುಕೊಂಡು ಬಂದಿದ್ದೇನೆ, ಏಳರ ತನಕ ಸರಿಯಾಗಿ ಬರುತ್ತಿದೆ.